ಮನೆ ತುಂಬಾ ಕಾಗದ: ಯಾವುದನ್ನು ಇಡಬೇಕು, ಯಾವುದನ್ನು ರದ್ದಿಗೆ ಹಾಕಬೇಕು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಹಳೇ ಮನೆ. ಮಾವನವರು ರೈಲ್ವೆಯಿಂದ ನಿವೃತ್ತರಾದವರು. ಒಂದು ಚೀಟಿಯನ್ನೂ ಬಿಸಾಡಲು ಬಿಡುವುದಿಲ್ಲ. ಕರೆಂಟ್ ಬಿಲ್, ಗ್ಯಾಸ್ ರಸೀದಿ, ಲಗ್ನಪತ್ರಿಕೆ, ಆಸ್ಪತ್ರೆಯ ಫೈಲು, ಬ್ಯಾಂಕಿನ ಪಾಸ್‌ಬುಕ್ಕು, ಊರಲ್ಲಿರುವ ಹೊಲದ ಕಾಗದ ಎಲ್ಲಾ ಒಂದರ ಮೇಲೊಂದು. ಎರಡು ಟ್ರಂಕು, ಒಂದು ಕಪಾಟು ತುಂಬಿವೆ. ಆದರೂ ಬೇಕಾದಾಗ ಬೇಕಾದ ಕಾಗದ ಸಿಗುವುದಿಲ್ಲ. ಮಗಳ ಕಾಲೇಜಿನ ಅಡ್ಮಿಷನ್‌ಗೆ ಜಾತಿ ಪ್ರಮಾಣಪತ್ರ ಹುಡುಕುವುದರಲ್ಲಿ ಇಡೀ ದಿನ ಹೋಯಿತು. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು ರದ್ದಿಗೆ ಹಾಕಬಹುದಾ? ಯಾವುದನ್ನು ಎಷ್ಟು ವರ್ಷ ಇಡಬೇಕು? ಮಾವನವರಿಗೆ ಬೇಜಾರಾಗದ ಹಾಗೆ ಇದನ್ನು ಮಾಡುವುದು ಹೇಗೆ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಕ್ಕಾರೇ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಾವನವರು ಒಪ್ಪದಿದ್ದರೆ ಉಳಿದದ್ದೆಲ್ಲ ಬರೀ ಮಾತು.

"ಇರ್ಲಿ ಬಿಡವಾ, ನಾಳೆ ಆಫೀಸಿನ್ಯಾಗ ಕೇಳಿದ್ರ ಏನ್ ತೋರಸ್ತಿ?" ಅಂತ ತಾನೇ ಅವರು ಅನ್ನುವುದು? ಆ ಮಾತನ್ನು ತಳ್ಳಿಹಾಕಬೇಡಿ. ಅವರು ನೌಕರಿ ಮಾಡಿದ ಕಾಲದಲ್ಲಿ ಲೆಕ್ಕವೆಲ್ಲ ಕೈಬರಹದ ಲೆಡ್ಜರಿನಲ್ಲಿ ಇರುತ್ತಿತ್ತು. ಗುಮಾಸ್ತ ಒಂದು ಸಾಲು ಬರೆಯಲು ಮರೆತರೆ ಕಟ್ಟಿದ ಹಣ ಕಟ್ಟಿಲ್ಲ ಅಂತಲೇ ಲೆಕ್ಕ. ಕೈಯಲ್ಲಿ ರಸೀದಿ ಇದ್ದವನು ಪಾರಾಗುತ್ತಿದ್ದ. ಇಲ್ಲದವನು ಎರಡನೇ ಸಲ ಕಟ್ಟುತ್ತಿದ್ದ. ಆ ಭಯಕ್ಕೆ ಗಟ್ಟಿ ಕಾರಣವಿತ್ತು. ಈಗ ಬಹಳಷ್ಟು ಕಾಗದಕ್ಕೆ ಆ ಕಾರಣ ಉಳಿದಿಲ್ಲ, ಕೆಲವಕ್ಕೆ ಇನ್ನೂ ಇದೆ. ಎರಡನ್ನೂ ಒಂದೇ ಟ್ರಂಕಿನಲ್ಲಿ ತುಂಬಿದ್ದರಿಂದ ತೊಂದರೆ ಆಗಿದೆ.

ಹಾಗಾಗಿ ಕಾಗದ ಕೈಗೆ ಬಂದಾಗ "ಇದು ಮುಖ್ಯನಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಮಾವನವರ ಉತ್ತರ ಯಾವಾಗಲೂ "ಹೌದು" ಅಂತಲೇ ಇರುತ್ತದೆ. "ಇದು ಕಳೆದರೆ ಮತ್ತೆ ಎಲ್ಲಿ ಸಿಗುತ್ತದೆ?" ಅಂತ ಕೇಳಿ. ಎಲ್ಲೂ ಸಿಗುವುದಿಲ್ಲ, ಅಥವಾ ಸಿಗಬೇಕಾದರೆ ಚಪ್ಪಲಿ ಸವೆಯಬೇಕು ಅಂದರೆ ಅದು ಟ್ರಂಕಿನಲ್ಲಿ ಇರಬೇಕಾದ ಕಾಗದ. ನಂಬರ್ ಹೇಳಿದರೆ ಸಿಗುತ್ತದೆ ಅಂದರೆ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಾಗದವನ್ನು ಬಿಟ್ಟುಕೊಡಬಹುದು. ಕಳೆದುಹೋದರೂ ಯಾರೂ ಕೇಳುವುದಿಲ್ಲ ಅಂದರೆ ಅದು ರದ್ದಿ. ನಾನು ರೆಕಾರ್ಡ್ ರೂಮಿನಲ್ಲೇ ದುಡಿದವನು. ಮನೆಯ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಜರಡಿ ನನಗೆ ಸಿಕ್ಕಿಲ್ಲ.

ನಿಮ್ಮ ಮಗಳ ಜಾತಿ ಪ್ರಮಾಣಪತ್ರವನ್ನೇ ನೋಡಿ. ನಾಡಕಚೇರಿಯಿಂದ ಬರುವ ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಉದ್ದನೆಯ ನಂಬರ್ ಇರುತ್ತದೆ. ಕಾಲೇಜಾಗಲಿ, ವಿದ್ಯಾರ್ಥಿವೇತನದ ಅರ್ಜಿಯಾಗಲಿ, ಬಹಳ ಕಡೆ ಕೇಳುವುದು ಆ ನಂಬರನ್ನೇ. ಅದನ್ನು ಬರೆದಿಟ್ಟಿದ್ದರೆ ಆ ದಿನ ಟ್ರಂಕು ತೆಗೆಯುವ ಕೆಲಸವೇ ಇರಲಿಲ್ಲ. ಹಾಗೆಯೇ ಹೆಸ್ಕಾಂನ ಕರೆಂಟ್ ಬಿಲ್ಲಿಗೆ ಆರ್‌ಆರ್ ನಂಬರ್ ಮತ್ತು ಅಕೌಂಟ್ ಐಡಿ, ಗ್ಯಾಸಿಗೆ ಗ್ರಾಹಕರ ಸಂಖ್ಯೆ, ಪಾಲಿಕೆಯ ಮನೆ ತೆರಿಗೆಗೆ ಆಸ್ತಿ ಸಂಖ್ಯೆ, ವಿಮೆಗೆ ಪಾಲಿಸಿ ನಂಬರ್. ಮನೆಯ ಅರ್ಧ ಕಾಗದದ ಜೀವ ಇಂಥ ಹತ್ತು ಹದಿನೈದು ನಂಬರುಗಳಲ್ಲಿದೆ. ಇನ್ನೂರು ಪುಟದ ನೋಟ್‌ಬುಕ್ ತಂದು, ಮಾವನವರ ಅಕ್ಷರ ಚೆನ್ನಾಗಿದ್ದರೆ ಅವರ ಕೈಯಲ್ಲೇ ಬರೆಸಿ. ನೌಕರಿ ಮಾಡಿದವರಿಗೆ ರಿಜಿಸ್ಟರ್ ಬರೆಯುವ ಕೆಲಸ ಕೊಟ್ಟರೆ ಬೇಜಾರಾಗುವುದಿಲ್ಲ, ನೋಡಿ ಬೇಕಾದರೆ.

ಇನ್ನೊಂದು ಪದ್ಧತಿಯನ್ನು ಕಚೇರಿಯಿಂದಲೇ ತರಬಹುದು. ಸರ್ಕಾರಿ ಕಚೇರಿಯಲ್ಲಿ ಕಡತ ಮುಗಿಸುವಾಗಲೇ ಅದರ ಮೇಲೆ ಒಂದು ಅಕ್ಷರ ಹಾಕುತ್ತಾರೆ. ಎ ಅಂದರೆ ಶಾಶ್ವತ. ಬಿ ಅಂದರೆ 30 ವರ್ಷ, ಸಿ 10 ವರ್ಷ, ಡಿ 5 ವರ್ಷ, ಇ ಒಂದು ವರ್ಷ. ಅಂದರೆ ಕಾಗದ ಕಪಾಟಿಗೆ ಹೋಗುವ ಮೊದಲೇ ಅದು ಹೊರಗೆ ಬರುವ ದಿನ ನಿಗದಿಯಾಗಿರುತ್ತದೆ. ಮನೆಯಲ್ಲಿ ನಾವು ತದ್ವಿರುದ್ಧ. ಮೊದಲು ಒಳಗೆ ತುರುಕುತ್ತೇವೆ, ಇಪ್ಪತ್ತು ವರ್ಷ ಆದಮೇಲೆ ದೀಪಾವಳಿ ಹೊತ್ತಿಗೆ ಧೂಳು ಹೊಡೆಯುತ್ತಾ ಇದು ಬೇಕಾ ಬೇಡವಾ ಅಂತ ಯೋಚಿಸುತ್ತೇವೆ. ಆಗ ಯಾರಿಗೂ ನೆನಪಿರುವುದಿಲ್ಲ, ಇರಲಿ ಅಂತ ಮತ್ತೆ ಒಳಗೇ ಹೋಗುತ್ತದೆ. ಇನ್ನು ಮೇಲೆ ಮಿಕ್ಸಿ ತಂದ ದಿನವೇ ಬಿಲ್ಲಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ತಿಂಗಳು, ವರ್ಷ ಬರೆಯಿರಿ: ಇಂಥ ತಿಂಗಳಾದ ಮೇಲೆ ಬಿಸಾಡಬಹುದು ಅಂತ. ವಾರಂಟಿ ಎರಡು ವರ್ಷ ಇದ್ದರೆ ಅದಕ್ಕೆ ಇನ್ನೆರಡು ವರ್ಷ ಸೇರಿಸಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು ಇರುತ್ತದೆ, ಅದಕ್ಕೆ.

ಈಗ ಟ್ರಂಕಿಗೆ ಬರೋಣ. ಯಾವ ಕಾಗದವನ್ನು ಯಾವತ್ತೂ ಬಿಡಬಾರದು?

ಮೊದಲನೆಯದು ಆಸ್ತಿಯ ಕಾಗದ. ಖರೀದಿ ಪತ್ರ, ವಾಟ್ನಿ ಪತ್ರ (ಪಾಲುಪಟ್ಟಿ), ಬಕ್ಷೀಸ್ ಪತ್ರ (ದಾನಪತ್ರ), ಮೃತ್ಯುಪತ್ರ (ವಿಲ್), ವಾರಸಾ ಕಾಗದ, ಸಿಟಿ ಸರ್ವೆಯ ಹಳೆಯ ಉತಾರ (ಆಸ್ತಿ ದಾಖಲೆಯ ಪ್ರತಿ). ನೋಂದಣಿಯಾದ ಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದಲ್ಲ ಅಂತ ನೀವು ಕೇಳಬಹುದು. ಸಿಗುತ್ತದೆ. ಆದರೆ ಬ್ಯಾಂಕು ಸಾಲ ಕೊಡುವಾಗ ಇಟ್ಟುಕೊಳ್ಳುವುದು ಮೂಲ ಪತ್ರವನ್ನು. ಮನೆ ಕೊಳ್ಳಲು ಬಂದವನು ನೋಡುವುದೂ ಅದನ್ನೇ. ಮೂಲ ಇಲ್ಲ ಅಂದರೆ ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ ಅಂತ ಓಡಾಟ ಶುರು. ಹಳೇ ಕಾಗದಕ್ಕೆ ಕಾನೂನಿನಲ್ಲೂ ಒಂದು ತೂಕವಿದೆ. 30 ವರ್ಷ ದಾಟಿದ ಪತ್ರ, ಅದು ಇರಬೇಕಾದವರ ಹತ್ತಿರವೇ ಇದ್ದು ಹೊರಗೆ ಬಂದರೆ, ಅದರ ಸಹಿ, ಬರಹ ಅಸಲಿ ಅಂತ ಕೋರ್ಟು ಭಾವಿಸಬಹುದು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ಮಾತು 2024ರ ಜುಲೈನಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಹಾಗಾಗಿ ಓದಲು ಬಾರದ ಹಳದಿ ಕಾಗದ ಅಂತ ಎತ್ತಿ ಎಸೆಯಬೇಡಿ. ನಮ್ಮ ಸೀಮೆ 1956ರವರೆಗೆ ಮುಂಬಯಿ ಸರ್ಕಾರದ ಕೆಳಗಿತ್ತು. ಮರಾಠಿಯಲ್ಲಿರುವ ಕಾಗದ, ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯ ಕಾಗದ ಹಳೇ ಮನೆತನಗಳಲ್ಲಿ ಸಿಗುತ್ತವೆ. ಓದಲು ಬರದಿದ್ದರೆ ಓದಬಲ್ಲವರಿಗೆ ತೋರಿಸುವ ತನಕ ಹಾಗೇ ಇರಲಿ.

ಇನ್ನೊಂದು ಗೊಂದಲ. ನಿಮ್ಮ ಹೊಲ ಗದಗ ಅಥವಾ ಹಾವೇರಿ ಕಡೆ ಇದ್ದರೆ ಹಳೇ ಪತ್ರದಲ್ಲಿ "ಜಿಲ್ಲಾ ಧಾರವಾಡ" ಅಂತಲೇ ಇರುತ್ತದೆ. ಆ ಎರಡು ಜಿಲ್ಲೆ ಆಗಿದ್ದು 1997ರಲ್ಲಿ. ಜಿಲ್ಲೆಯ ಹೆಸರು ಬೇರೆ ಇದೆ, ಇದು ಈಗ ನಡೆಯುವುದಿಲ್ಲ ಅಂತ ಹೊಸದನ್ನು ಮಾತ್ರ ಉಳಿಸಿಕೊಂಡವರಿದ್ದಾರೆ. ಅದು ನಡೆಯುವ ಕಾಗದವೇ.

ಆದರೆ ಹೊಲದ ಗಣಕೀಕೃತ ಉತಾರದ, ಅಂದರೆ ಪಹಣಿಯ, ಮಾತು ಬೇರೆ. ಭೂಮಿ ಯೋಜನೆ ಬಂದ ಮೇಲೆ ಉತಾರ ಕಂಪ್ಯೂಟರಿನಿಂದ ಬರುತ್ತದೆ, ಸರ್ವೆ ನಂಬರ್ ಹಾಕಿದರೆ ಯಾವಾಗ ಬೇಕಾದರೂ ಸಿಗುತ್ತದೆ. ಬೆಳೆ ಸಾಲಕ್ಕೆ, ಬೆಳೆ ವಿಮೆಗೆ, ಸಬ್ಸಿಡಿಗೆ ಅಂತ ಪ್ರತಿ ವರ್ಷ ತೆಗೆಸಿದ ಉತಾರಗಳು ಒಂದು ಕಟ್ಟು ಇರುತ್ತವೆ ಅಲ್ವಾ? ಅವೆಲ್ಲ ಆಯಾ ದಿನದ ಸ್ಥಿತಿ ಹೇಳುವ ಪ್ರತಿಗಳು. ಹೊಸದೊಂದು ಸಾಕು. ಕೈಬರಹದ ಕಾಲದ ಹಳೆಯ ಉತಾರಗಳನ್ನು ಮಾತ್ರ ಮುಟ್ಟಬೇಡಿ.

ಹೊಲದವರಿಗೆ ಎರಡು ಮಾತು ಜಾಸ್ತಿ ಹೇಳಬೇಕು. ಬೀಜದ ಬಿಲ್ಲು ಮತ್ತು ಬೀಜದ ಖಾಲಿ ಪಾಕೀಟು ರಾಶಿ (ಒಕ್ಕಣೆ) ಮುಗಿಯುವವರೆಗೆ ಮನೆಯಲ್ಲಿರಲಿ. ಬೀಜ ಮೊಳೆಯದಿದ್ದರೆ, ಕಾಯಿ ಕಟ್ಟದಿದ್ದರೆ ಪರಿಹಾರ ಕೇಳಲು ಪಾಕೀಟಿನ ಮೇಲಿನ ಲಾಟ್ ನಂಬರೇ ಆಧಾರ. ರಾಶಿ ಮುಗಿದು, ತಕರಾರಿಲ್ಲ ಅಂದಮೇಲೆ ಎರಡೂ ಹೋಗಲಿ. ಮಾಲು ಮಾರಿದಾಗ ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿಗಳು, ಅಮರಗೋಳ ಮಾರುಕಟ್ಟೆಯದ್ದಿರಲಿ, ಬ್ಯಾಡಗಿಯದ್ದಿರಲಿ, ಹಣ ಖಾತೆಗೆ ಜಮಾ ಆಗಿ ಅಂಗಡಿಯವರ ಜೊತೆ ಲೆಕ್ಕ ಚುಕ್ತಾ ಆದಮೇಲೆ ಮೂರು ವರ್ಷ ಸಾಕು. ಹಣದ ಬಾಕಿಯ ದಾವೆಗೆ ಸಾಮಾನ್ಯವಾಗಿ ಇರುವ ಅವಧಿಯೇ ಮೂರು ವರ್ಷ.

ಎರಡನೆಯದು ಮನುಷ್ಯರ ಕಾಗದ. ಜನನ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಡಿಗ್ರಿಯವರೆಗಿನ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರ, ಮದುವೆ ನೋಂದಣಿ, ಪಾಸ್‌ಪೋರ್ಟ್. ನಮ್ಮ ಕಡೆ ಹೆಸರಿನ ತಾಪತ್ರಯ ಜಾಸ್ತಿ. ಶಾಲೆಯಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಇನ್ನೊಂದು. ಒಂದು ಕಡೆ ಅಡ್ಡಹೆಸರು ಹಿಂದೆ, ಇನ್ನೊಂದು ಕಡೆ ಮುಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ಎರಡು ಹೆಸರೂ ಒಬ್ಬರದ್ದೇ ಅಂತ ತೋರಿಸುವ ಅಫಿಡವಿಟ್ ಇದ್ದರೆ ಅದು ಅಂಕಪಟ್ಟಿಯಷ್ಟೇ ಬೆಲೆಯದ್ದು. ಮಾವನವರ ಪಿಂಚಣಿ ಆದೇಶ, ಅಂದರೆ ಪಿಪಿಓ, ಇದೇ ಗುಂಪಿಗೆ ಸೇರುತ್ತದೆ. ನಾಳೆ ಅತ್ತೆಯವರಿಗೆ ಕುಟುಂಬ ಪಿಂಚಣಿ ಬರಬೇಕಾದರೆ ಅದೇ ಬೇಕು. ಅದರಲ್ಲಿ ಅತ್ತೆಯವರ ಹೆಸರು, ಹುಟ್ಟಿದ ದಿನ ಸರಿಯಾಗಿದೆಯಾ ಅಂತ ಈಗಲೇ ನೋಡಿ. ತಪ್ಪಿದ್ದರೆ ಮಾವನವರು ಇರುವಾಗಲೇ ತಿದ್ದಿಸುವುದು ಸುಲಭ.

ಅಂಕಪಟ್ಟಿ ಕೆಡದಿರಲಿ ಅಂತ ಲ್ಯಾಮಿನೇಷನ್ ಮಾಡಿಸುವವರಿದ್ದಾರೆ. ಬೇಡ. ಆಮೇಲೆ ಅದನ್ನು ಬಿಚ್ಚಲು ಬರುವುದಿಲ್ಲ. ಮುಂದೆ ಯಾವ ಕಚೇರಿಯಾದರೂ ಮೂಲ ಪ್ರತಿಯ ಹಿಂದೆ ಶಿಕ್ಕಾ ಒತ್ತಬೇಕು ಅಂದರೆ ಪ್ಲಾಸ್ಟಿಕ್ ಮೇಲೆ ಒತ್ತುವುದು ಹೇಗೆ?

ಮೂರನೆಯದು ಹಣದ ಕಾಗದ. ಇದರಲ್ಲಿ ಬಿಸಾಡುವುದೂ ಬಹಳ ಇದೆ, ಬಿಸಾಡಿದರೆ ಕೈಸುಟ್ಟುಕೊಳ್ಳುವುದೂ ಇದೆ. ಬ್ಯಾಂಕಿನ ಸ್ಟೇಟ್‌ಮೆಂಟು, ಎಟಿಎಂ ಚೀಟಿ, ಹಣ ತುಂಬಿದ ಸ್ಲಿಪ್ಪು ಪಾಸ್‌ಬುಕ್ಕಿನಲ್ಲಿ ಎಂಟ್ರಿ ಬಿದ್ದ ಮೇಲೆ ಬೇಡ. ಆದರೆ ಹಳೇ ಪಾಸ್‌ಬುಕ್ ಸಿಕ್ಕರೆ ತಡೆಯಿರಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಹೋದರೂ ಖಾತೆದಾರರು ಅಥವಾ ವಾರಸುದಾರರು ಆಯಾ ಬ್ಯಾಂಕಿನ ಮೂಲಕ ವಾಪಸ್ ಪಡೆಯಬಹುದು. ಇಂಥ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಅನ್ನುವ ಪೋರ್ಟಲ್ ಶುರು ಮಾಡಿದೆ. ಅಜ್ಜನ ಹೆಸರಿನ ಹರಿದ ಪಾಸ್‌ಬುಕ್ಕಿಗೂ ಅಲ್ಲಿ ಬೆಲೆ ಬರಬಹುದು. ಅಂಚೆ ಕಚೇರಿಯ ಹಳೇ ಎನ್‌ಎಸ್‌ಸಿ (ರಾಷ್ಟ್ರೀಯ ಉಳಿತಾಯ ಪತ್ರ), ಕಿಸಾನ್ ವಿಕಾಸ ಪತ್ರಗಳನ್ನೂ ಹಾಗೇ ವಿಚಾರಿಸದೆ ಬಿಡಬೇಡಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು. ಯಾವುದಾದರೊಂದು ಸೊಸೈಟಿಯ ಷೇರು ಪತ್ರ ಇಲ್ಲದ ಹಳೇ ಟ್ರಂಕು ಕಡಿಮೆ. ಸದಸ್ಯರು ತೀರಿಕೊಂಡಿದ್ದರೆ ಆ ಷೇರಿನ ಹಣ ನಾಮಿನಿಗೆ ಸೇರಬೇಕು. ಕಂಪನಿಗಳ ಕಾಗದದ ಷೇರು ಸಿಕ್ಕರೆ ಅದನ್ನು ಡಿಮ್ಯಾಟ್, ಅಂದರೆ ಕಂಪ್ಯೂಟರಿನ ಖಾತೆಗೆ ಜಮಾ, ಮಾಡಿಸದೆ ಮಾರಲು ಬರುವುದಿಲ್ಲ, 2019ರ ಏಪ್ರಿಲ್‌ನಿಂದ ಹಾಗೆ ನಿಯಮವಿದೆ.

ಸಾಲದ ವಿಷಯ. ಮನೆ ಸಾಲ ತೀರಿದ ಮೇಲೆ ಕಂತಿನ ರಸೀದಿಗಳ ಕಟ್ಟು ಬೇಡ. ಸಾಲ ತೀರಿದೆ ಅನ್ನುವ ಪತ್ರ ಮತ್ತು ವಾಪಸ್ ಬಂದ ಮೂಲ ದಾಖಲೆ, ಇವೆರಡು ಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಕೊಡಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅನ್ನುವುದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮ. ಎಷ್ಟೋ ಮನೆಗಳಲ್ಲಿ ಸಾಲ ತೀರಿ ವರ್ಷವಾದರೂ ಪತ್ರ ತಂದಿರುವುದಿಲ್ಲ, ರಸೀದಿ ಮಾತ್ರ ಜೋಪಾನ.

ವಿಮೆಯ ಬಾಂಡು ಅವಧಿ ಮುಗಿದು ಹಣ ಕೈಸೇರುವವರೆಗೆ ಟ್ರಂಕಿನಲ್ಲಿರಲಿ, ಪ್ರೀಮಿಯಂ ರಸೀದಿ ಕೊನೆಯದ್ದು ಸಾಕು. ಆರೋಗ್ಯ ವಿಮೆಯಾದರೆ ಹಳೇ ವರ್ಷಗಳ ಪಾಲಿಸಿಯನ್ನೂ ಇಡಿ. ಸತತ 60 ತಿಂಗಳು ವಿಮೆ ಇದ್ದರೆ, ವಂಚನೆ ಸಾಬೀತಾದ ಹೊರತು, ಹಳೇ ರೋಗ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮು ತಿರಸ್ಕರಿಸಲು ಬರುವುದಿಲ್ಲ. ಸತತವಾಗಿ ಇತ್ತು ಅನ್ನುವುದನ್ನು ತೋರಿಸಬೇಕಲ್ಲ. ಗ್ಯಾಸಿನದ್ದು ಸಿಲಿಂಡರ್ ಬಂದ ರಸೀದಿಗಳೆಲ್ಲ ರದ್ದಿ. ಆದರೆ ಸಂಪರ್ಕ ತಗೊಂಡ ದಿನ ಠೇವಣಿ ಕಟ್ಟಿ ಪಡೆದ ವೋಚರ್ ಒಂದಿರುತ್ತದೆ, ಅದು ಹೋಗಬಾರದು. ಸಂಪರ್ಕ ವಾಪಸ್ ಕೊಡುವಾಗ ಠೇವಣಿ ಬರುವುದು ಅದರ ಮೇಲೆ.

ಆದಾಯ ತೆರಿಗೆ: ಇಲಾಖೆಯವರು ಹಳೇ ಲೆಕ್ಕ ತೆರೆದು ನೋಟಿಸ್ ಕೊಡಲು ಸಾಮಾನ್ಯವಾಗಿ ತೆರಿಗೆ ನಿರ್ಧರಣೆ ವರ್ಷ (ಆದಾಯ ಬಂದ ವರ್ಷದ ಮುಂದಿನ ವರ್ಷ) ಮುಗಿದ ಮೇಲೆ 3 ವರ್ಷ 3 ತಿಂಗಳು, ಬಿಟ್ಟುಹೋದ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ 5 ವರ್ಷ 3 ತಿಂಗಳು ಅವಕಾಶ. ಏಳು ವರ್ಷದ ಹಿಂದಿನದ್ದು ತೆಗೆದರೆ ಪಿಂಚಣಿದಾರರ ಮನೆಯಲ್ಲಿ ಏನೂ ಆಗುವುದಿಲ್ಲ ಅಂತ ನನ್ನ ಲೆಕ್ಕ. ಮನೆ ಕಟ್ಟಿಸಿದ, ದೊಡ್ಡ ರಿಪೇರಿ ಮಾಡಿಸಿದ ಬಿಲ್ಲುಗಳು ಮಾತ್ರ ಮನೆ ಮಾರುವ ತನಕ ಇರಲಿ. ಮಾರಿದಾಗ ಬಂದ ಲಾಭದಿಂದ ಆ ಖರ್ಚು ಕಳೆಯಬಹುದು. ಪಾಲಿಕೆಯ ತೆರಿಗೆ ರಸೀದಿ ವರ್ಷಕ್ಕೆ ಒಂದೇ ಹಾಳೆ. ಮೂವತ್ತು ವರ್ಷದ್ದು ಇಟ್ಟರೂ ಒಂದು ಫೈಲು. ಅದಕ್ಕಾಗಿ ಮಾವನವರ ಜೊತೆ ವಾದ ಬೇಡ.

ಇನ್ನು ಗೋಡೆಯ ಮೊಳೆಗೆ ನೇತು ಹಾಕಿದ ತಂತಿ. ತುದಿ ಬಾಗಿಸಿದ ಆ ತಂತಿಗೆ ಪ್ರತಿ ತಿಂಗಳ ಕರೆಂಟ್ ಬಿಲ್ಲು ಚುಚ್ಚಿ ಚುಚ್ಚಿ ದಪ್ಪ ಗೊಂಚಲಾಗಿರುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಸೊನ್ನೆ ಬಿಲ್ಲನ್ನೂ ಚುಚ್ಚುವುದು ನಿಂತಿಲ್ಲ. ಅದನ್ನು ಕೆಳಗಿಳಿಸಿ ಒಂದು ಹಳೇ ಬಿಲ್ಲು ತೆಗೆದು ನೋಡಿ. ಬಹುತೇಕ ಖಾಲಿ ಕಾಗದ. ಮೀಟರ್ ಓದಿ ಬಾಗಿಲಲ್ಲೇ ಹರಿದುಕೊಡುವ ಬಿಲ್ಲು, ಬಸ್ಸಿನ ಟಿಕೆಟ್ಟು, ಪೆಟ್ರೋಲ್ ಬಂಕಿನ ಚೀಟಿ, ಎಟಿಎಂ ಚೀಟಿ ಇವಕ್ಕೆ ಇಂಕು ಹಾಕಿರುವುದಿಲ್ಲ. ಕಾಗದದ ಮೇಲೆ ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ, ಯಂತ್ರ ಬಿಸಿಯಿಂದಲೇ ಅಕ್ಷರ ಮೂಡಿಸುತ್ತದೆ. ಗುರುತು ಹಿಡಿಯುವುದು ಸುಲಭ: ಉಗುರಿನಿಂದ ಜೋರಾಗಿ ಗೀರಿ, ಕಪ್ಪು ಗೆರೆ ಬಿದ್ದರೆ ಅದೇ. ಬಿಸಿಲು, ಎಣ್ಣೆ ಕೈ, ಸ್ಯಾನಿಟೈಸರ್ ತಾಗಿದರೆ ಅಕ್ಷರ ಅಳಿಸುತ್ತದೆ. ಕೆಡದಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಇನ್ನೂ ಬೇಗ ಅಳಿಸಬಹುದು. ಏನೂ ಕಾಣದ ಬಿಲ್ಲನ್ನು ಯಾವ ಕಚೇರಿಗೂ ತೋರಿಸಲು ಆಗುವುದಿಲ್ಲ, ಅಲ್ವಾ? ಮಾವನವರ ಕೈಗೇ ಕೊಟ್ಟು ಓದಲು ಹೇಳಿ. ನಮ್ಮ ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ವಿಳಾಸದ ಪುರಾವೆಗೆ ಇತ್ತೀಚಿನ ಎರಡು ಮೂರು ತಿಂಗಳ ಬಿಲ್ಲು ಸಾಕು. ವಾರಂಟಿಯ ಬಿಲ್ಲು ಇಂಥ ಕಾಗದದಲ್ಲಿ ಬಂದಿದ್ದರೆ ತಂದ ವಾರದಲ್ಲೇ ಜೆರಾಕ್ಸ್ ಮಾಡಿಸಿ.

ಇಸಿಜಿ ಪಟ್ಟಿಯೂ ಬಹಳ ಸಲ ಇದೇ ಜಾತಿಯ ಕಾಗದ. ಹೃದಯದ ತೊಂದರೆ ಇದ್ದವರ ಮೊದಲ ಇಸಿಜಿ ವೈದ್ಯರಿಗೆ ಹೋಲಿಸಿ ನೋಡಲು ಬೇಕಾಗುತ್ತದೆ. ಅದನ್ನೂ ಜೆರಾಕ್ಸ್ ಮಾಡಿಸಿಡಿ. ಆಸ್ಪತ್ರೆಯ ಉಳಿದ ಫೈಲಿನಲ್ಲಿ ಡಿಸ್ಚಾರ್ಜ್ ಸಮರಿ, ಆಪರೇಷನ್ ವಿವರ, ಬಯಾಪ್ಸಿ ರಿಪೋರ್ಟ್, ಸ್ಟೆಂಟ್ ಅಥವಾ ಕೀಲಿನ ಸ್ಟಿಕ್ಕರ್, ಯಾವ ಔಷಧಿ ಆಗಿಬರುವುದಿಲ್ಲ ಅಂತ ಬರೆದ ಚೀಟಿ, ಮಕ್ಕಳ ಲಸಿಕೆ ಕಾರ್ಡು ಇಷ್ಟು ಉಳಿಸಿ. ಪ್ರತಿ ತಿಂಗಳ ಶುಗರ್ ರಿಪೋರ್ಟುಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ತಾರೀಖಿನ ಪ್ರಕಾರ ಬರೆದರೆ ಡಾಕ್ಟರಿಗೂ ಅದೇ ಅನುಕೂಲ. ಔಷಧಿ ಅಂಗಡಿಯ ಬಿಲ್ಲು ಕ್ಲೇಮು ಮುಗಿದ ಮೇಲೆ ಬೇಡ.

ಲಗ್ನಪತ್ರಿಕೆ ಬಗ್ಗೆ ಕೇಳಿದ್ದೀರಿ. ಎಲ್ಲಾ ಮನೆಯಲ್ಲೂ ಇದು ಸಿಕ್ಕಿಬೀಳುವುದು ಒಂದೇ ಕಡೆ: ಮೇಲೆ ಗಣಪತಿ ಇದ್ದಾನೆ, ಅರಿಷಿಣ ಕುಂಕುಮ ಹಚ್ಚಿದ್ದಾರೆ, ಕಸದ ಡಬ್ಬಿಗೆ ಹಾಕುವುದು ಹೇಗೆ? ಕೆಲವರು ಚೀಲ ತುಂಬಿ ಉಣಕಲ್ ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ. ದಯವಿಟ್ಟು ಬೇಡ. ಈಗಿನ ಕಾರ್ಡಿನಲ್ಲಿ ಅರ್ಧ ಪ್ಲಾಸ್ಟಿಕ್, ಬಂಗಾರದ ಬಣ್ಣದ ಹಾಳೆ, ಮಖಮಲ್ಲು. ಅದು ನೀರಿನಲ್ಲಿ ಕರಗುವುದಿಲ್ಲ. ದೇವರ ಚಿತ್ರವಿರುವ ಭಾಗವನ್ನಷ್ಟೇ ಕತ್ತರಿಸಿ, ಬರೀ ಕಾಗದದ್ದಾದರೆ ಬಕೆಟ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಿವುಚಿ ಮುದ್ದೆ ಮಾಡಿ ಗಿಡದ ಬುಡದಲ್ಲಿ ಮಣ್ಣು ಮುಚ್ಚಿ. ಅತ್ತೆಯವರೂ ಒಪ್ಪುತ್ತಾರೆ. ಉಳಿದ ದಪ್ಪ ಕಾಗದ ರಟ್ಟಿನ ಜೊತೆ ರದ್ದಿಗೆ. ಮಿಂಚುವ, ಪ್ಲಾಸ್ಟಿಕ್ ಮೆತ್ತಿದ ಭಾಗವನ್ನು ಮರುಬಳಕೆ ಮಾಡುವುದು ಕಷ್ಟ, ಅದು ಒಣ ಕಸ. ಚೆನ್ನಾಗಿರುವ ಲಕೋಟೆಗಳನ್ನು ಆಯೇರಿ (ಮುಯ್ಯಿ) ಕೊಡಲು ತೆಗೆದಿಟ್ಟುಕೊಳ್ಳಿ, ಯಾರ ಹೆಸರೂ ಬರೆದಿರದಿದ್ದರೆ.

ಈ ರಾಶಿಯಲ್ಲಿ ಎರಡನ್ನು ಮಾತ್ರ ಉಳಿಸಿ. ಒಂದು ನಿಮ್ಮದೇ ಮದುವೆಯ ಪತ್ರಿಕೆ. ಮದುವೆ ಇನ್ನೂ ನೋಂದಣಿ ಆಗಿಲ್ಲದಿದ್ದರೆ ನೋಂದಣಿಗೆ ಫೋಟೊ ಜೊತೆ ಅದನ್ನೂ ಕೇಳುತ್ತಾರೆ. ಇನ್ನೊಂದು ಆಯೇರಿ ಬರೆದಿಟ್ಟ ನೋಟ್‌ಬುಕ್. ಯಾರು ಎಷ್ಟು ಹಾಕಿದ್ದರು ಅಂತ ನೋಡದೆ ಅವರ ಮನೆಯ ಲಗ್ನಕ್ಕೆ ಹೋಗುವಷ್ಟು ಧೈರ್ಯ ನಮ್ಮ ಕಡೆ ಯಾರಿಗಿದೆ?

ಮೊಬೈಲ್ ಫೋಟೊ ಸಾಕಾ ಅಂದಿರಿ. ಎಲ್ಲಕ್ಕೂ ಸಾಲುವುದಿಲ್ಲ. ಫೋಟೊ ಅಂದರೆ ನಕಲು. ಮೂಲ ಕೇಳುವ ಕಡೆ ನಡೆಯುವುದಿಲ್ಲ. ಡಿಜಿಲಾಕರ್ ಬೇರೆ. ಅದರಲ್ಲಿ ಆಯಾ ಇಲಾಖೆಯೇ ನೇರವಾಗಿ ಕೊಟ್ಟ ದಾಖಲೆ, ಅಂದರೆ ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ, ಆಧಾರ್, ಇವು ಮೂಲಕ್ಕೆ ಸಮ ಅಂತ 2017ರಲ್ಲೇ ನಿಯಮವಾಗಿದೆ. ಆದರೆ ನೀವೇ ಫೋಟೊ ತೆಗೆದು ಅದೇ ಆ್ಯಪಿಗೆ ಹಾಕಿದ್ದು ಬರೀ ಫೋಟೊವೇ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ಟ್ರಂಕಿನ ಕಾಗದಗಳನ್ನು ಮಾತ್ರ ಸ್ಕ್ಯಾನ್ ಮಾಡಿ. ಕಳೆದರೆ ನಕಲು ಪಡೆಯಲು ನಂಬರ್, ತಾರೀಖು ಸಿಗುತ್ತದೆ. ಫೈಲಿಗೆ "ಖರೀದಿ ಪತ್ರ, ಹುಬ್ಬಳ್ಳಿ ಮನೆ" ಅಂತ ಹೆಸರಿಡಿ, ಇಬ್ಬರ ಹತ್ತಿರ ಇರಲಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅಕ್ಷರ ಮಸುಕಾಗಬಹುದು, ಡಾಕ್ಯುಮೆಂಟ್ ಆಗಿ ಕಳಿಸಿ. ರದ್ದಿಗೆ ಹೋಗುವುದನ್ನೆಲ್ಲ ಫೋಟೊ ತೆಗೆಯುತ್ತಾ ಕೂತರೆ ಟ್ರಂಕಿನ ರಾಶಿ ಮೊಬೈಲಿಗೆ ಬಂತು ಅಷ್ಟೇ.

ಉಳಿದದ್ದನ್ನು ಇಡುವುದು ಹೇಗೆ? ಕಬ್ಬಿಣದ ಟ್ರಂಕು ಒಳ್ಳೆಯದೇ, ಆದರೆ ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟಿಗೆ ಮೇಲೆ ಇರಲಿ. ಒರಲೆ ಬರುವುದು ಆ ದಾರಿಯಲ್ಲೇ. ಪಿನ್ನು, ಗುಂಡುಸೂಜಿ, ಸ್ಟೇಪ್ಲರ್ ಮೊಳೆ ಎಲ್ಲ ತೆಗೆಯಿರಿ. ತುಕ್ಕು ಹಿಡಿದು ಕಾಗದಕ್ಕೆ ಕಂದು ತೂತು ಬೀಳುತ್ತದೆ. ರಬ್ಬರ್ ಬ್ಯಾಂಡು ಕೆಲ ವರ್ಷಕ್ಕೆ ಕರಗಿ ಅಂಟುತ್ತದೆ, ಬದಲಿಗೆ ನೂಲಿನ ದಾರ ಕಟ್ಟಿ. ಜೆರಾಕ್ಸ್ ಪ್ರತಿಗಳನ್ನು ಹೊಳೆಯುವ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇಟ್ಟರೆ ಅಕ್ಷರ ಪ್ಲಾಸ್ಟಿಕ್‌ಗೆ ಮೆತ್ತಿಕೊಳ್ಳುತ್ತದೆ. ದಪ್ಪ ಕಾಗದದ ಫೈಲೇ ಮೇಲು. ಧಾರವಾಡದ ಕಡೆ ಮಳೆಗಾಲದ ಥಂಡಿ ಜಾಸ್ತಿ ಇರುವುದರಿಂದ ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ.

ಟ್ರಂಕಿನಿಂದ ಶುರು ಮಾಡಬೇಡಿ. ಮೊದಲು ದಿನಪತ್ರಿಕೆ, ಹಳೇ ಕ್ಯಾಲೆಂಡರು, ಮಕ್ಕಳ ಮುಗಿದ ನೋಟ್‌ಬುಕ್ಕು, ಕಂಪನಿಗಳ ಜಾಹೀರಾತು. ಇಲ್ಲಿ ಯಾರ ಮನಸ್ಸೂ ನೋಯುವುದಿಲ್ಲ, ಜಾಗ ಮಾತ್ರ ಕಣ್ಣಿಗೆ ಕಾಣುವಷ್ಟು ಖಾಲಿಯಾಗುತ್ತದೆ. ಆಮೇಲೆ ಬಿಲ್ಲುಗಳು. ಟ್ರಂಕು ಕೊನೆಗೆ, ಅದೂ ಮಾವನವರೇ ಕೂತು, ಅವರೇ ಒಂದೊಂದಾಗಿ ತೆಗೆದುಕೊಡಬೇಕು. ಅವರು ಬಿಡಲಾರೆ ಅಂದ ಕಾಗದವನ್ನು ಒಂದು ಬೇರೆ ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆದು, ಮುಂದಿನ ಯುಗಾದಿಗೆ ನೋಡೋಣ ಅನ್ನಿ. ಅಜ್ಜಂದಿರ ಪತ್ರ, ಬಹಿ (ಲೆಕ್ಕದ ಪುಸ್ತಕ), ಹಳೇ ಹಸ್ತಪ್ರತಿ ಸಿಕ್ಕು ಮನೆಯಲ್ಲಿ ಯಾರಿಗೂ ಬೇಡವಾದರೆ ರದ್ದಿಗೆ ಹಾಕುವ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಒಮ್ಮೆ ವಿಚಾರಿಸಿ. 1939ರಿಂದ ಇರುವ ಸಂಸ್ಥೆ ಅದು.

ರದ್ದಿಗೆ ಕೊಡುವಾಗ ಎಚ್ಚರ ಬೇಕಾದದ್ದು ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೆರಾಕ್ಸ್. ಪ್ರತಿ ಮನೆಯಲ್ಲೂ ಇವು ಹತ್ತಾರು ಇರುತ್ತವೆ, "ಎರಡು ಜೆರಾಕ್ಸ್ ಜಾಸ್ತಿ ಇರ್ಲಿ" ಅಂತ ಮಾಡಿಸಿದ್ದು. ನಿಮ್ಮ ಸಹಿ ಇರುವ ಆಧಾರ್ ಪ್ರತಿ ಗಿರ್ಮಿಟ್ ಕಟ್ಟುವ ಕಾಗದವಾಗಿ ಊರು ಸುತ್ತಬಾರದು. ಮುದ್ರಿತ ಕಾಗದದಲ್ಲಿ ತಿಂಡಿ ಕಟ್ಟುವುದೇ ತಪ್ಪು, ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ದಿನಪತ್ರಿಕೆಗೂ ನಿಷೇಧವಿದೆ, ಆದರೆ ಮಿರ್ಚಿ ಗಾಡಿಯ ಮುಂದೆ ನಿಂತವರಿಗೆ ಅದು ನೆನಪಾಗುವುದಿಲ್ಲ ಬಿಡಿ. ಇಂಥ ಪ್ರತಿಗಳನ್ನು ಹರಿದು ನೀರಿನಲ್ಲಿ ನೆನೆಹಾಕಿ ಮುದ್ದೆ ಮಾಡಿ. ಇನ್ನು ಮುಂದೆ ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನ ಅಂತ ಬರೆದು ಕೊಡಿ.

ರದ್ದಿಯವರಿಗೆ ತೂಕಕ್ಕೆ ಹಾಕುವ ಮೊದಲು ಪ್ರತಿ ಪುಸ್ತಕವನ್ನೂ, ಡೈರಿಯನ್ನೂ ಬೆನ್ನು ಹಿಡಿದು ತಲೆಕೆಳಗೆ ಮಾಡಿ ಕೊಡವಿ. ಹಳೇ ಪಂಚಾಂಗವನ್ನು ಮುಖ್ಯವಾಗಿ. ನಮ್ಮ ಹಿರಿಯರು ನೋಟು, ಠೇವಣಿ ರಸೀದಿ, ಅಡವಿಟ್ಟ ಬಂಗಾರದ ಚೀಟಿ ಎಲ್ಲಾ ಇಡುವುದು ಪಂಚಾಂಗದ ನಡುವೆಯೇ.